ಓದುಗರ ಪ್ರಶ್ನೆ: ಸರ್ಕಾರಿ ಸಂಶೋಧನೆಯ ಫಲವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಸರ್ಕಾರಿ ಪ್ರಯೋಗಾಲಯಗಳು ಇಷ್ಟು ಪೇಟೆಂಟ್ ಪಡೆದವು, ಇಷ್ಟು ಕಂಪನಿಗಳಿಗೆ ತಂತ್ರಜ್ಞಾನ ವರ್ಗಾಯಿಸಿದವು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಇದರಿಂದ ಜನರಿಗೆ ನಿಜವಾಗಿ ಏನು ಸಿಕ್ಕಿತೆಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಪೇಟೆಂಟ್‌ಗಳನ್ನೂ ಒಪ್ಪಂದಗಳನ್ನೂ ಎಣಿಸುವುದು ಸುಲಭವಾದ್ದರಿಂದ ವರದಿಗಳು ಹೆಚ್ಚಾಗಿ ಅಷ್ಟಕ್ಕೇ ನಿಲ್ಲುತ್ತವೆ. ಒಪ್ಪಂದಕ್ಕೆ ಸಹಿ ಬಿದ್ದಾಗ ತಂತ್ರಜ್ಞಾನ ಪ್ರಯೋಗಾಲಯದ ಹೊಸ್ತಿಲು ದಾಟಿರುತ್ತದೆ, ಅಷ್ಟೆ. ಅದು ಯಾರ ಮನೆ ಮುಟ್ಟಿತು, ಎಷ್ಟು ವರ್ಷ ಬಳಕೆಯಲ್ಲಿ ಉಳಿಯಿತು, ಯಾರ ಗಳಿಕೆ ಹೆಚ್ಚಿಸಿತು ಎಂಬುದನ್ನು ಬಳಸಿದವರನ್ನೇ ಕೇಳಿ ತಿಳಿಯಬೇಕು.

ನಿಮ್ಮ ಭಾಗದ ಹತ್ತಿಯನ್ನೇ ನೋಡಿ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಾತರಕಿಯವರು ಎರಡು ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ರೂಪಿಸಿದ ‘ವರಲಕ್ಷ್ಮಿ’ ತಳಿ 1972ರಲ್ಲಿ ಬಿಡುಗಡೆಯಾಯಿತು. 1981ರಲ್ಲಿ ‘ಜಯಲಕ್ಷ್ಮಿ’, ಅಂದರೆ ರೈತರು ಡಿಸಿಎಚ್-32 ಎಂದು ಕರೆಯುವ ತಳಿ, ಬಂದಿತು. ಉದ್ದ ಎಳೆಯ ಹತ್ತಿ ದೊರೆತದ್ದು ಇದರ ಒಂದು ಫಲ ಮಾತ್ರ. ಈ ಬೀಜ ತಯಾರಿಸಬೇಕಾದರೆ ಸಂಜೆ ಮೊಗ್ಗಿನ ಗಂಡುಭಾಗವನ್ನು ಕೈಯಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ಹೂವಿಗೆ ಸವರಬೇಕು. ಹೀಗೆ ಒಂದೊಂದೇ ಹೂವನ್ನು ಹಿಡಿದು ಮಾಡುವ ಈ ಕೆಲಸ ಬೀಜೋತ್ಪಾದನೆಯ ಹೊಲಗಳಲ್ಲಿ ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲಿ ನಡೆದಿದೆ. ಅವರ ಕೂಲಿಯೂ ಅವರ ಬೆನ್ನುನೋವೂ ಸಂಶೋಧನೆಯ ಲೆಕ್ಕದೊಳಗೆ ಬರಬೇಕು. ರಸ ಹೀರುವ ಕೀಟಗಳಿಗೆ ಡಿಸಿಎಚ್-32 ಬೇಗ ತುತ್ತಾಗುವುದರಿಂದ ರೈತರು ಔಷಧಿ ಸಿಂಪಡಿಸಲು ಮಾಡಿದ ಖರ್ಚನ್ನೂ ಅದೇ ಪುಟದಲ್ಲಿ ಬರೆಯಬೇಕು. ಅದನ್ನು ಬಿಟ್ಟು ಲಾಭವನ್ನಷ್ಟೇ ಹೇಳುವ ವರದಿಯನ್ನು ನಾನು ನಂಬುವುದಿಲ್ಲ.

ಕೆಲವು ಉಪಕಾರಗಳಂತೂ ಹಣದ ಲೆಕ್ಕಕ್ಕೆ ಸಿಗುವುದೇ ಇಲ್ಲ. ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ರೂಪುಗೊಂಡಿತು. 1962ರ ಮಹಾಚುನಾವಣೆಯಿಂದ ಬಳಕೆಗೆ ಬಂದ ಅದನ್ನು ನಮ್ಮ ರಾಜ್ಯ ಸರ್ಕಾರದ ಉದ್ಯಮವಾದ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ ತಯಾರಿಸುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಕೂಡಿ, ಬೆಳಕಿಗೆ ಕಪ್ಪಾಗಿ, ತೊಳೆದರೂ ಹೋಗದಂತೆ ನಿಲ್ಲುತ್ತದೆ. ಕಾರ್ಖಾನೆಯ ಮಾರಾಟವನ್ನು ರೂಪಾಯಿಯಲ್ಲಿ ಹೇಳಬಹುದು. ಬೀಳದೇ ಹೋದ ಕಳ್ಳಮತಗಳನ್ನು ಎಣಿಸಿದವರು ಯಾರೂ ಇಲ್ಲ.

ಗೌರವಿಸುವ ವ್ಯವಸ್ಥೆ ಇಲ್ಲವೆಂದಲ್ಲ. ಪ್ರಯೋಗಾಲಯದ ಫಲವನ್ನು ಉದ್ಯಮಕ್ಕೆ ಮುಟ್ಟಿಸಲೆಂದೇ 1953ರಲ್ಲಿ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿದೆ. ದೇಶೀಯ ತಂತ್ರಜ್ಞಾನವನ್ನು ಮಾರುಕಟ್ಟೆಗೆ ತಂದ ಉದ್ಯಮಗಳಿಗೆ ಮೇ 11ರ ತಂತ್ರಜ್ಞಾನ ದಿನದ ಸಂದರ್ಭದಲ್ಲಿ ರಾಷ್ಟ್ರೀಯ ಪ್ರಶಸ್ತಿ ಸಲ್ಲುತ್ತದೆ. ಆದರೆ ಪ್ರಶಸ್ತಿ ಹೊಸತನ್ನು ಬೇಗ ಕಾಣುತ್ತದೆ, ಹಳೆಯ ಉಪಕಾರವನ್ನು ತಡವಾಗಿ ಕಾಣುತ್ತದೆ. ಬಿಡುಗಡೆಯಾಗಿ ಹತ್ತು, ಇಪ್ಪತ್ತು ವರ್ಷಗಳಾದ ತಂತ್ರಜ್ಞಾನವನ್ನು ಮರಳಿ ಪರೀಕ್ಷಿಸಿ, ವಿಜ್ಞಾನಿಯ ಹೆಸರಿನೊಂದಿಗೆ ಅದನ್ನು ಹೊಲಕ್ಕೆ ತಲುಪಿಸಿದ ಕ್ಷೇತ್ರ ಸಹಾಯಕರ ಹೆಸರನ್ನೂ ದಾಖಲಿಸುವ ಪದ್ಧತಿ ಬರಬೇಕೆಂಬುದು ನನ್ನ ಆಗ್ರಹ.

ನಿಮ್ಮ ಮಗಳು ರಜೆಗೆ ಊರಿಗೆ ಬಂದಾಗ, ಡಿಸಿಎಚ್-32 ಬೀಜದ ಹೊಲಗಳಲ್ಲಿ ದುಡಿದ ನಾಲ್ಕಾರು ಹಿರಿಯ ಹೆಣ್ಣುಮಕ್ಕಳನ್ನು ಕಂಡು, ಆ ಕೂಲಿಯಿಂದ ಮನೆಯಲ್ಲಿ ಏನಾಯಿತು, ಏನಾಗಲಿಲ್ಲ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ.