ಕುರ್ಚಿಯನ್ನು ಎಣಿಸಬಹುದು, ‘ಫರ್ನಿಚರ್’ ಅನ್ನು ಏಕೆ ಎಣಿಸಬಾರದು?

ಪ್ರಶ್ನೆ: ನನ್ನ ಮಗಳು ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ್ದಾಳೆ. ಇಂಗ್ಲಿಷ್ ನಾಮಪದದ ಐದು ಬಗೆಗಳನ್ನು ತಪ್ಪಿಲ್ಲದೆ ಒಪ್ಪಿಸುವ ಅವಳು ಪ್ರಬಂಧದಲ್ಲಿ ‘ಫರ್ನಿಚರ್ಸ್’, ‘ಅಡ್ವೈಸಸ್’ ಎಂದು ಬರೆದು ಅಂಕ ಕಳೆದುಕೊಂಡಳು. ಕುರ್ಚಿ, ಮೇಜುಗಳನ್ನು ಎಣಿಸಬಹುದಲ್ಲವೇ? ಕನ್ನಡ ವ್ಯಾಕರಣದೊಂದಿಗೆ ಹೋಲಿಸಿ ತಿಳಿಸುವಿರಾ?
– ಓದುಗರು, ತುಮಕೂರು

ಉತ್ತರ: ಕನ್ನಡ ಶಾಲೆಯಲ್ಲಿ ಕಲಿತದ್ದು ನಿಮ್ಮ ಮಗಳಿಗೆ ಇಲ್ಲಿಯೂ ಬಹುಮಟ್ಟಿಗೆ ನೆರವಾಗುತ್ತದೆ. ನಮ್ಮ ಅಂಕಿತನಾಮವೇ ಪ್ರಾಪರ್ ನೌನ್, ರೂಢನಾಮವೇ ಕಾಮನ್ ನೌನ್. ವ್ಯಾಪಾರಿ, ಶಿಕ್ಷಕ ಮುಂತಾದ ಅನ್ವರ್ಥನಾಮಗಳಿಗೆ ಇಂಗ್ಲಿಷಿನಲ್ಲಿ ಬೇರೆ ವರ್ಗವಿಲ್ಲ. ಅವೂ ಕಾಮನ್ ನೌನ್‌ಗಳೇ. ಹಿರಿದರ ಭಾವ ಹಿರಿಮೆ, ಬಿಳಿದರ ಭಾವ ಬಿಳುಪು ಎಂದು ನಾವು ಕಲಿಯುವ ಭಾವನಾಮಗಳು ಅಬ್‌ಸ್ಟ್ರ್ಯಾಕ್ಟ್ ನೌನ್‌ಗೆ ಹತ್ತಿರದವು. ಉಳಿದಂತೆ ಗುಂಪನ್ನು ಹೇಳುವುದು ಕಲೆಕ್ಟಿವ್, ಚಿನ್ನ, ನೀರುಗಳಂಥ ದ್ರವ್ಯವನ್ನು ಹೇಳುವುದು ಮೆಟೀರಿಯಲ್.

ಆದರೆ ಈ ಐದು ಬಗೆಗಳು ಪದವು ಏನನ್ನು ಹೆಸರಿಸುತ್ತದೆ ಎಂಬುದನ್ನು ತಿಳಿಸುತ್ತವೆಯೇ ಹೊರತು, ಅದನ್ನು ವಾಕ್ಯದಲ್ಲಿ ಹೇಗೆ ಬಳಸಬೇಕೆಂಬುದನ್ನು ಪೂರ್ತಿಯಾಗಿ ತಿಳಿಸುವುದಿಲ್ಲ. ಬಳಕೆಯನ್ನು ನಿರ್ಧರಿಸುವುದು ಕೌಂಟಬಲ್ (ಎಣಿಸುವ ಪದ), ಅನ್‌ಕೌಂಟಬಲ್ (ಎಣಿಸದ ಪದ) ಎಂಬ ಇನ್ನೊಂದು ವಿಭಾಗ; ನನ್ನ ದೃಷ್ಟಿಯಲ್ಲಿ ಮಕ್ಕಳಿಗೆ ಮೊದಲು ಕಲಿಸಬೇಕಾದದ್ದು ಇದನ್ನೇ.

ಇಲ್ಲಿ ಎಣಿಕೆಗೆ ಒಳಪಡುವುದು ವಸ್ತುವಲ್ಲ, ಪದ. ‘ಚೇರ್’ ಒಂದೊಂದು ಕುರ್ಚಿಯ ಹೆಸರಾದ್ದರಿಂದ ‘ಟೂ ಚೇರ್ಸ್’ ಎನ್ನಬಹುದು. ‘ಫರ್ನಿಚರ್’ ಎಂಬುದು ಕುರ್ಚಿ, ಮೇಜು, ಮಂಚಗಳನ್ನೆಲ್ಲ ಒಂದೇ ರಾಶಿಯಾಗಿ ಕಾಣುವ ಪದವಾದ್ದರಿಂದ ಅದಕ್ಕೆ ಬಹುವಚನವಿಲ್ಲ, ಎಣಿಸಲೇಬೇಕಾದರೆ ‘ಟೂ ಪೀಸಸ್ ಆಫ್ ಫರ್ನಿಚರ್’ ಎನ್ನಬೇಕು. ಇದು ಲೋಕಸಹಜ ನಿಯಮವೇನೂ ಅಲ್ಲ. ಫ್ರೆಂಚರು ಪೀಠೋಪಕರಣ, ಸಲಹೆ, ಮಾಹಿತಿಗಳನ್ನು ಸಲೀಸಾಗಿ ಎಣಿಸುತ್ತಾರೆ. ನಾವೂ ‘ಎರಡು ಸಲಹೆ ಕೊಡುತ್ತೇನೆ’, ‘ಮಾಹಿತಿಗಳು ಬಂದಿವೆ’ ಎನ್ನುತ್ತೇವೆ. ಆ ‘ಗಳು’ ಪ್ರತ್ಯಯವೇ ‘ಎಸ್’ ಆಗಿ ‘ಅಡ್ವೈಸಸ್’, ‘ಇನ್‌ಫರ್ಮೇಷನ್ಸ್’, ‘ಲಗೇಜಸ್’ ರೂಪದಲ್ಲಿ ಉತ್ತರಪತ್ರಿಕೆಗೆ ಇಳಿಯುತ್ತದೆ. ಸುದ್ದಿಗೆ ಹೇಳುವ ‘ನ್ಯೂಸ್’ ಎಂಬ ಪದವಂತೂ ಕೊನೆಯಲ್ಲಿ ‘ಎಸ್’ ಇದ್ದೂ ಏಕವಚನವೇ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಕನ್ನಡದ ಮಕ್ಕಳಲ್ಲಿ ಕಾಣುತ್ತದೆ. ನಮ್ಮಲ್ಲಿ ಸಂಖ್ಯೆಯೇ ಬಹುತ್ವವನ್ನು ಸೂಚಿಸುವುದರಿಂದ ‘ಹತ್ತು ಮರ’, ‘ನಾಲ್ಕು ತೆಂಗಿನಕಾಯಿ’ ಎಂದರೆ ಸಾಕು. ಇಂಗ್ಲಿಷಿನಲ್ಲಿ ‘ಟೆನ್ ಟ್ರೀ’ ಎಂದರೆ ನಡೆಯದು, ‘ಟ್ರೀಸ್’ ಎನ್ನಲೇಬೇಕು.

ಕೆಲವು ಪದಗಳು ಎರಡೂ ಕಡೆ ಸಲ್ಲುತ್ತವೆ. ಹೊಸ ಪದ ಎದುರಾದಾಗ ‘ಮೆನಿ’, ‘ಮಚ್’ ಎರಡನ್ನೂ ಅದರ ಹಿಂದೆ ಹಚ್ಚಿ ನೋಡುವ ಅಭ್ಯಾಸವನ್ನು ಮಗಳಿಗೆ ಮಾಡಿಸಿ: ‘ಮೆನಿ ಬುಕ್ಸ್’, ‘ಮಚ್ ವಾಟರ್’. ಅನುಮಾನ ಉಳಿದರೆ, ಕಲಿಯುವವರಿಗಾಗಿ ರಚಿಸಿದ ಇಂಗ್ಲಿಷ್ ನಿಘಂಟುಗಳಲ್ಲಿ ಸಾಮಾನ್ಯವಾಗಿ ನಾಮಪದದ ಪಕ್ಕದಲ್ಲಿ ‘ಸಿ’ ಅಥವಾ ‘ಯು’ ಅಕ್ಷರವನ್ನು ಕೊಟ್ಟಿರುತ್ತಾರೆ; ಮೊದಲನೆಯದು ಎಣಿಸುವ ಪದಕ್ಕೆ, ಎರಡನೆಯದು ಎಣಿಸದ ಪದಕ್ಕೆ. ‘ಪೇಪರ್’ ಪದದಲ್ಲಿ ಎರಡೂ ಅಕ್ಷರಗಳು ಸಿಗುತ್ತವೆ: ಕಾಗದ ಎಂಬ ಅರ್ಥದಲ್ಲಿ ‘ಯು’, ದಿನಪತ್ರಿಕೆ ಅಥವಾ ಪ್ರಶ್ನೆಪತ್ರಿಕೆ ಎಂಬ ಅರ್ಥದಲ್ಲಿ ‘ಸಿ’.