ಯುರೇನಿಯಂ ತುಟ್ಟಿಯಾದರೆ ಗಿರಣಿ ಬಿಲ್ ಏರುತ್ತಾ?

ಪ್ರಶ್ನೆ: ಸಾಗರದ ಹತ್ತಿರ ನಮ್ಮದೊಂದು ಸಣ್ಣ ಅಕ್ಕಿ ಗಿರಣಿ ಇದೆ. 2024ರ ಜನವರಿಯಲ್ಲಿ ಯುರೇನಿಯಂ ಬೆಲೆ ಪೌಂಡಿಗೆ 100 ಡಾಲರ್ ದಾಟಿತ್ತಂತೆ. ಮತ್ತೆ ಹಾಗೆ ಏರಿದರೆ ಕೈಗಾ ಅಣುಸ್ಥಾವರದ ಕರೆಂಟ್ ದುಬಾರಿಯಾಗಿ ನಮ್ಮ ಬಿಲ್ಲೂ ಹೆಚ್ಚುತ್ತಾ? ಪಕ್ಕದಲ್ಲೇ ಶರಾವತಿ ಇರುವಾಗ ಕೈಗಾ ಯಾಕೆ ಬೇಕು?

ಉತ್ತರ: ಆ 100 ಡಾಲರ್ ಅಂದಂದಿನ ಪೇಟೆ ದರ. ಶಿವಮೊಗ್ಗ ಮಂಡಿಯಲ್ಲಿ ರಾಶಿ ಅಡಿಕೆಗೆ ಇವತ್ತು ಬಿದ್ದ ರೇಟ್ ಇದ್ದ ಹಾಗೆ. 2007ರಲ್ಲಿ ಅದು 130 ಡಾಲರ್ ದಾಟಿತ್ತು, 2016ರ ಕೊನೆಗೆ 20ಕ್ಕಿಂತ ಕೆಳಗಿತ್ತು. ಜಗತ್ತಿನ ಸ್ಥಾವರಗಳು ಜಾಸ್ತಿ ಕೊಳ್ಳುವುದು ವರ್ಷಗಟ್ಟಲೆಯ ಕರಾರಿನ ಮೇಲೆ, ಈ ದರಕ್ಕಲ್ಲ.

ಆದರೂ ಒಂದು ಲೆಕ್ಕ ಹಾಕೋಣ. ಕೈಗಾದ ರಿಯಾಕ್ಟರಿಗೆ ಹೋಗುವ ಇಂಧನದ ಕಟ್ಟು ಅರ್ಧ ಮೀಟರ್ ಉದ್ದ. 19 ಕಡ್ಡಿ, ತೂಕ 16-17 ಕಿಲೋ. ನಿಮ್ಮ ಗಿರಣಿಯ ಅಕ್ಕಿ ಮೂಟೆಗಿಂತ ಹಗುರ. ಅದೊಂದರಿಂದ ಸುಮಾರು 6 ಲಕ್ಷ ಯೂನಿಟ್ ಕರೆಂಟ್ ಬರುತ್ತದೆ! ಪೌಂಡಿಗೆ 100 ಡಾಲರ್ ಹಿಡಿದರೂ ಒಳಗಿನ ಯುರೇನಿಯಂಗೆ 3 ಲಕ್ಷ ರೂಪಾಯಿ ಆದೀತು. ಯೂನಿಟ್ಟಿಗೆ 50 ಪೈಸೆ ಆಸುಪಾಸು. ಬೆಲೆ ಅರ್ಧಕ್ಕಿಳಿದರೆ ಉಳಿಯುವುದು 25 ಪೈಸೆ, ಅಷ್ಟೇ.

ಇನ್ನೊಂದು ವಿಷಯ ಇದೆ. ಹೊರದೇಶದ ಯುರೇನಿಯಂ ಕೈಗಾಕ್ಕೆ ಹೋಗುವುದೇ ಇಲ್ಲ. 2008ರಲ್ಲಿ ಪರಮಾಣು ಪೂರೈಕೆದಾರ ದೇಶಗಳ ಗುಂಪು ಯುರೇನಿಯಂ ಆಮದಿಗೆ ನಮಗೆ ವಿನಾಯಿತಿ ಕೊಟ್ಟಿತು. ಆದರೆ ಆಮದು ಮಾಡಿದ್ದನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ ಸ್ಥಾವರಗಳಲ್ಲಿ ಮಾತ್ರ ಬಳಸಬೇಕು. ಕೈಗಾದ ನಾಲ್ಕೂ ಘಟಕ ಆ ಪಟ್ಟಿಯಲ್ಲಿಲ್ಲ. ಅವು ಜಾದುಗುಡ, ತುಮ್ಮಲಪಲ್ಲೆಯಂಥ ನಮ್ಮದೇ ಗಣಿಗಳನ್ನು ನಂಬಿವೆ. ಹಾಗಾಗಿ ಅಲ್ಲಿ ತಲೆನೋವು ಬೆಲೆಯದ್ದಲ್ಲ, ಸಿಗುತ್ತೋ ಇಲ್ಲವೋ ಅನ್ನುವುದು. ನಾಲ್ಕನೇ ಘಟಕ ಇಂಧನಕ್ಕಾಗಿ ಕಾದು, 2010ರ ನವೆಂಬರಿನಲ್ಲಿ ಚಾಲೂ ಆಯಿತು.

ಖರ್ಚಿನ ಮುಖ್ಯ ಭಾಗ ಸ್ಥಾವರ ಕಟ್ಟುವುದರಲ್ಲಿ, ಅದರ ಸಾಲದ ಬಡ್ಡಿಯಲ್ಲಿ ಇರುತ್ತದೆ. ಕೈಗಾದ ಮೊದಲೆರಡು ಘಟಕಗಳ ಕಾಂಕ್ರೀಟ್ ಕೆಲಸ 1989ರಲ್ಲಿ ಶುರುವಾಯಿತು. 1994ರ ಮೇ ತಿಂಗಳಲ್ಲಿ ಒಂದನೇ ಘಟಕದ ಗುಮ್ಮಟದ ಒಳಪದರ ಕಳಚಿ ಬಿತ್ತು. ವಾಣಿಜ್ಯ ಉತ್ಪಾದನೆಗೆ 2000 ಇಸವಿ ಬಂತು. ಅಷ್ಟೂ ವರ್ಷ ಬಡ್ಡಿ ಸುಮ್ನೆ ಕೂರುವುದಿಲ್ಲ ಅಲ್ವಾ? ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳ ವಿಷಯದಲ್ಲೂ ನಾನು ನೋಡುವುದು ಯುರೇನಿಯಂ ದರವನ್ನಲ್ಲ, ಕ್ಯಾಲೆಂಡರನ್ನು.

ನಿಮ್ಮ ಬಿಲ್ಲಿಗೆ ಬರೋಣ. ಮೆಸ್ಕಾಂಗೆ ಕೈಗಾ, ಶರಾವತಿ, ರಾಯಚೂರು, ಸೋಲಾರ್ ಎಲ್ಲ ಬೆರೆತೇ ಬರುತ್ತದೆ. ಅದರಲ್ಲಿ ಕೈಗಾ ಒಂದು ತುಂಡು, ಯುರೇನಿಯಂ ಆ ತುಂಡಿನೊಳಗಿನ ತುಂಡು.

ಶರಾವತಿ ದೊಡ್ಡದೇ, 1035 ಮೆಗಾವಾಟ್. ಕೈಗಾ 880. ಆದರೆ ಲಿಂಗನಮಕ್ಕಿಯ ನೀರನ್ನು ಮಳೆಗಾಲದಿಂದ ಮಳೆಗಾಲಕ್ಕೆ ಎಣಿಸಿ ಬಿಡಬೇಕು. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮ ಓಡಿತು. ಆ 962 ದಿನದಲ್ಲಿ ನಿಮ್ಮೂರಲ್ಲಿ ಎಷ್ಟು ಸಲ ಮರ ಬಿದ್ದು ಕರೆಂಟ್ ಹೋಗಿರಬಹುದು ಅನ್ನುವುದು ಬೇರೆ ಮಾತು.