ದಾವಣಗೆರೆಯಿಂದ ಲೀಡ್ಸಿಗೆ ಬರುವ ಪುಟ್ಟಿಗೆ ಏನು ತಿನ್ನಿಸೋದು?

ನಮಸ್ಕಾರ. ಮುಂದಿನ ತಿಂಗಳು ದಾವಣಗೆರೆ ಬಿಟ್ಟು ಇಂಗ್ಲೆಂಡಿನ ಲೀಡ್ಸಿಗೆ ಬರುತ್ತಿದ್ದೇನೆ, ಮಗಳಿಗೆ ಒಂದು ವರ್ಷ ಎರಡು ತಿಂಗಳು, ಅಲ್ಲಿ ಅವಳಿಗೆ ಏನು ತಿನ್ನಿಸಲಿ, ಇಲ್ಲಿಂದ ಏನೇನು ಕಟ್ಟಿಕೊಂಡು ಬರಲಿ ಅಕ್ಕಾ ಅಂತ ಕೇಳಿದ್ದೀರಿ. ನಾನೂ ದಾವಣಗೆರೆಯ ಪಿ.ಜೆ. ಬಡಾವಣೆಯವಳೇ. ಎರಡು ಮಕ್ಕಳನ್ನು ಇಲ್ಲೇ ಬೆಳೆಸಿದ್ದೇನೆ. ಅವಳು ಈಗ ಮನೆಯಲ್ಲಿ ಏನು ತಿನ್ನುತ್ತಿದ್ದಾಳೋ ಅದನ್ನೇ ಇಲ್ಲೂ ತಿನ್ನಿಸಿ. ಮನೆ ಹೊಸದು, ಚಳಿ ಹೊಸದು, ಸುತ್ತಲಿನ ಜನ ಹೊಸಬರು. ತಟ್ಟೆಯಲ್ಲಿರೋದಾದರೂ ಗೊತ್ತಿರೋದು ಆಗಿರಲಿ.

ಮೊದಲು ಸೂಟ್‌ಕೇಸ್ ವಿಷಯ. ರಾಗಿ ಹಿಟ್ಟು, ಸೋನಾ ಮಸೂರಿ, ಹೆಸರುಬೇಳೆ, ರವೆ, ಅವಲಕ್ಕಿ ಎಲ್ಲಾ ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ಜೋಳದ ಹಿಟ್ಟಿನ ಪ್ಯಾಕೆಟ್ ಮೇಲೆ ಜುವಾರ್ ಅಂತಿರುತ್ತದೆ, ನಮ್ಮ ಮಂಡಕ್ಕಿಗೆ ಮಮ್ರಾ ಅಂತ ಬರೆದಿರುತ್ತಾರೆ, ಹುಡುಕುವಾಗ ನೆನಪಿರಲಿ. ಇವನ್ನೆಲ್ಲ ಹೊತ್ತು ತರೋದು ಸುಮ್ನೆ ಭಾರ. ತರಲೇಬೇಕು ಅಂದರೆ ರಾಗಿಯನ್ನು ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಸಣ್ಣಗೆ ಹುರಿದು ಗಿರಣಿಯಲ್ಲಿ ಬೀಸಿಸಿಕೊಂಡು ಬನ್ನಿ. ಮೊಳಕೆ ಬಂದ ರಾಗಿಯಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಮನೆಯಲ್ಲಿ ಬೀಸಿಸಿದ ಹಿಟ್ಟಿನ ಘಮ ಇಲ್ಲಿನ ಪ್ಯಾಕೆಟ್ಟಿನಲ್ಲಿ ಬರೋದಿಲ್ಲ. ಬೆಣ್ಣೆ, ತುಪ್ಪ, ಪೇಡೆ ಮಾತ್ರ ಬೇಡ. ಭಾರತದಿಂದ ಬ್ರಿಟನ್ನಿಗೆ ಹಾಲಿನ ಪದಾರ್ಥ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ತೆಗೆದುಕೊಂಡುಬಿಡುತ್ತಾರೆ. ಉಪ್ಪು ಹಾಕದ ಬೆಣ್ಣೆ ಇಲ್ಲಿ ಧಾರಾಳ ಸಿಗುತ್ತದೆ, ಮನೆಯಲ್ಲೇ ತುಪ್ಪ ಕಾಯಿಸಿಕೊಳ್ಳಬಹುದು. ಇನ್ನೊಂದು, ಇಲ್ಲಿ ಬಹಳ ಮನೆಗಳಲ್ಲಿ ಕರೆಂಟ್ ಒಲೆ. ಕುಕ್ಕರ್ ತರುವುದಾದರೆ ಇಂಡಕ್ಷನ್ ತಳದ್ದೇ ತನ್ನಿ.

ಬೆಳಿಗ್ಗೆ ರಾಗಿ ಸರಿ ಮಾಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಬರೋದಿಲ್ಲ. ಸಕ್ಕರೆ ಬೇಡ, ಬೆಲ್ಲವೂ ಬೇಡ, ನೆನೆಸಿದ ಖರ್ಜೂರ ಕಿವುಚಿ ಹಾಕಿ. ದಿನಾ ಅದೇ ಆದರೆ ಬೇಜಾರಾಗುತ್ತದೆ, ಆಗ ವೀಟಾಬಿಕ್ಸ್ ಅನ್ನೋ ಗೋಧಿ ಬಿಸ್ಕತ್ತು ಒಂದನ್ನು ಬಿಸಿ ಹಾಲಲ್ಲಿ ನೆನೆಸಿಕೊಡಿ, ಅದಕ್ಕೆ ಕಬ್ಬಿಣದ ಅಂಶ ಸೇರಿಸಿರುತ್ತಾರೆ. ದೋಸೆ ಕೊಡಬಹುದು, ಆದರೆ ಚಳಿಗಾಲದಲ್ಲಿ ಇಲ್ಲಿ ಹಿಟ್ಟು ಹುದುಗೋದೇ ಕಷ್ಟ. ಓವನ್ ಹಚ್ಚದೆ, ಒಳಗಿನ ಲೈಟ್ ಮಾತ್ರ ಹಾಕಿ ಪಾತ್ರೆ ಇಟ್ಟುಬಿಡಿ, ಬೆಳಿಗ್ಗೆ ಹೊತ್ತಿಗೆ ಉಬ್ಬಿರುತ್ತದೆ.

ಮಧ್ಯಾಹ್ನಕ್ಕೆ ಅಕ್ಕಿ, ಹೆಸರುಬೇಳೆ ಮೆತ್ತಗೆ ಬೇಯಿಸಿದ ಕಿಚಡಿಗಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ. ಫ್ರೀಜರಿನ ಬಟಾಣಿ, ಪಾಲಕ್ ಹಾಕಿ, ಅವು ಅಗ್ಗ, ಸತ್ವವೂ ಹೋಗಿರೋದಿಲ್ಲ. ಮೇಲೆ ಒಂದು ಚಮಚ ತುಪ್ಪ, ಎರಡು ಹನಿ ನಿಂಬೆರಸ. ಈ ನಿಂಬೆರಸ ಮರೆಯಬೇಡಿ, ಬೇಳೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತಬೇಕಾದರೆ ಹುಳಿ ಬೇಕು. ಬೇರೆ ಅಡುಗೆ ಮಾಡೋಕೆ ಹೋಗಬೇಡಿ, ಎರಡೇ ದಿನಕ್ಕೆ ಸುಸ್ತಾಗುತ್ತೀರಿ. ಬೆಂದ ಬೇಳೆಯಲ್ಲಿ ಅವಳ ಪಾಲನ್ನು ಮೊದಲು ಒಂದು ಸೌಟು ತೆಗೆದಿಟ್ಟು, ಆಮೇಲೆ ನಿಮ್ಮ ಸಾರಿಗೆ ಉಪ್ಪು, ಖಾರ, ಒಗ್ಗರಣೆ ಹಾಕಿಕೊಳ್ಳಿ. ಈ ವಯಸ್ಸಿಗೆ ಉಪ್ಪು ದಿನಕ್ಕೆ 2 ಗ್ರಾಂ ದಾಟಬಾರದು ಅಂತ ಇಲ್ಲಿ ಹೇಳುತ್ತಾರೆ, ಇಲ್ಲಿನ ಬ್ರೆಡ್ಡು, ಚೀಸಿನಲ್ಲೇ ಸಾಕಷ್ಟು ಉಪ್ಪು ಇರುತ್ತದೆ. ರಾತ್ರಿಗೆ ಜೋಳದ ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ನೆನೆಸಿ ಕಿವುಚಿ ಕೊಡಿ, ಇಲ್ಲಾ ಮೊಸರನ್ನ. ಮೊಟ್ಟೆ ತಿನ್ನುವ ಮನೆಯಾದರೆ ಅದೂ ದಿನಾ ನಡೆಯುತ್ತದೆ.

ನಡುವೆ ಎರಡು ಸಲ ತಿಂಡಿ ಬೇಕು, ಹೊಟ್ಟೆ ಸಣ್ಣದು ಅಲ್ವಾ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಅರಿಶಿನ, ಸ್ವಲ್ಪ ಪುಟಾಣಿ ಪುಡಿ, ಒಂದಿಷ್ಟು ತುಪ್ಪ ಹಾಕಿ ಕಲಸಿದರೆ ನಮ್ಮೂರ ಒಗ್ಗರಣೆ ಮಂಡಕ್ಕಿಯ ಮಕ್ಕಳ ಊಟ. ಮೆತ್ತಗಿರುತ್ತದೆ, ತಾನೇ ಕೈಯಲ್ಲಿ ತೆಗೆದು ಬಾಯಿಗಿಟ್ಟುಕೊಳ್ಳುತ್ತಾಳೆ. ಬೇಯಿಸಿದ ಗೆಣಸು, ಹಬೆಯಲ್ಲಿ ಬೇಯಿಸಿದ ಸೇಬು, ಸಕ್ಕರೆ ಇಲ್ಲದ ಗಟ್ಟಿ ಮೊಸರು, ಬಾಳೆಹಣ್ಣು, ಇಷ್ಟು ಸಾಕು. ಅಂಗಡಿಯಲ್ಲಿ ಹಣ್ಣಿನ ತಿರುಳು ತುಂಬಿದ ಪೌಚ್‌ಗಳು ಸಾಲಾಗಿ ಇಟ್ಟಿರುತ್ತಾರೆ. ಪ್ರಯಾಣಕ್ಕೆ ಒಂದೆರಡು ಇರಲಿ, ಆದರೆ ಅವನ್ನೇ ಚೀಪುತ್ತಾ ಇದ್ದರೆ ಹಲ್ಲಿಗೆ ಸಿಹಿ ಅಂಟುತ್ತದೆ, ಅಗಿಯೋದನ್ನೂ ಕಲಿಯೋದಿಲ್ಲ.

ಪುಟಾಣಿ ಕಾಳು, ಶೇಂಗಾ ಇಡಿಯಾಗಿ ಕೊಡಲೇಬೇಡಿ. 5 ವರ್ಷದವರೆಗೂ ಪುಡಿಯೇ ಇರಲಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ, ಹಸಿ ಕ್ಯಾರೆಟ್ ತುರಿದು ಕೊಡಿ, ಪಾಪ್‌ಕಾರ್ನ್ ಹತ್ತಿರ ಬಿಡಬೇಡಿ. ತಿನ್ನುವಾಗ ಕೂರಿಸಿ ತಿನ್ನಿಸಿ, ಹಿಂದೆ ಹಿಂದೆ ಓಡಿಕೊಂಡು ಬೇಡ. ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು, ಉಸಿರುಗಟ್ಟೋಕೆ ಒಂದು ಕಾಳು ಸಾಕು. ಮಗಳನ್ನು ನರ್ಸರಿಗೆ ಹಾಕುವುದಾದರೆ ಶೇಂಗಾ ಚಟ್ನಿಪುಡಿ ಡಬ್ಬಿಗೆ ಹಾಕಬೇಡಿ. ಬೇರೆ ಮಕ್ಕಳಿಗೆ ಅಲರ್ಜಿ ಇರಬಹುದು ಅಂತ ಬಹಳ ನರ್ಸರಿಗಳಲ್ಲಿ ಬಿಡೋದಿಲ್ಲ. ಮನೆಯಲ್ಲಿ ಶೇಂಗಾ ಪುಡಿ ಧಾರಾಳ ತಿನ್ನಿಸಿ.

ಹಾಲಿನ ಬಗ್ಗೆ ನಮ್ಮ ಕಡೆಯವರಿಗೆ ಹೇಳಲೇಬೇಕು. ಊಟ ಬಿಟ್ಟರೂ ಹಾಲಾದರೂ ಕುಡಿಯಲಿ ಅಂತ ಬಾಟಲಿ ಮೇಲೆ ಬಾಟಲಿ ಕೊಡುತ್ತೇವೆ. ಹೊಟ್ಟೆ ಹಾಲಲ್ಲೇ ತುಂಬಿದರೆ ಊಟ ಇಳಿಯೋದಿಲ್ಲ, ಹಾಲಲ್ಲಿ ಕಬ್ಬಿಣ ತೀರಾ ಕಮ್ಮಿ, ರಕ್ತಹೀನತೆ ಬರೋದು ಹೀಗೇ. ಇಲ್ಲಿ ನೀಲಿ ಮುಚ್ಚಳದ ಕೆನೆಭರಿತ ಹಾಲು ತಗೊಳ್ಳಿ, ದಿನಕ್ಕೆ 350–400 ಮಿಲಿಲೀಟರ್ ಸಾಕು, ಲೋಟದಲ್ಲಿ ಕೊಡಿ. ಕೆನೆ ತೆಗೆದ ಹಾಲು ಈ ವಯಸ್ಸಿಗೆ ಅಲ್ಲ. ಚಹಾ ಒಂದು ಗುಟುಕೂ ಬೇಡ.

ಇನ್ನು ಬಿಸಿಲು. ದಾವಣಗೆರೆಯಲ್ಲಿ ಅಂಗಳಕ್ಕೆ ಬಿಟ್ಟರೆ ಸಾಕು, ಇಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬರುವ ಬಿಸಿಲಲ್ಲಿ ಮೈಗೆ ಸಾಕಷ್ಟು ವಿಟಮಿನ್ ಡಿ ಸಿಗೋದಿಲ್ಲ. ಅದಕ್ಕೇ 6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಿಗೆ ಎ, ಸಿ, ಡಿ ಇರುವ ಹನಿ ದಿನಾ ಕೊಡಿ ಅಂತ ಇಲ್ಲಿನ ಸರ್ಕಾರವೇ ಹೇಳುತ್ತದೆ, ಡಿ 10 ಮೈಕ್ರೋಗ್ರಾಂ ಇರಬೇಕು. ಬಂದ ತಕ್ಷಣ ಜಿಪಿ, ಅಂದರೆ ನಿಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೆಸರು ಬರೆಸಿ, ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ನರ್ಸ್ ಆದ ಹೆಲ್ತ್ ವಿಸಿಟರ್ ಯಾರು ಅಂತ ಕೇಳಿ, ಅವರ ಹತ್ತಿರ ಎಲ್ಲಾ ಕೇಳಬಹುದು, ಸಂಕೋಚ ಬೇಡ.

ವಿಡಿಯೊ ಕಾಲಿನಲ್ಲಿ ಅಜ್ಜಿ "ಎಷ್ಟು ತಿಂದಳು, ಸೊರಗಿದ್ದಾಳೆ" ಅಂತ ಕೇಳೇ ಕೇಳುತ್ತಾರೆ. ಒಂದು ವರ್ಷ ದಾಟಿದ ಮೇಲೆ ಮಗು ಬೆಳೆಯುವ ವೇಗ ಕಮ್ಮಿಯಾಗುತ್ತದೆ, ಹಸಿವೂ ಕಮ್ಮಿಯಾಗುತ್ತದೆ. ಏನು ಕೊಡಬೇಕು, ಯಾವಾಗ ಕೊಡಬೇಕು ನೀವು ನೋಡಿಕೊಳ್ಳಿ, ಎಷ್ಟು ತಿನ್ನಬೇಕು ಅನ್ನೋದನ್ನು ಅವಳಿಗೆ ಬಿಡಿ. ಬಾಯಿ ತಿರುಗಿಸಿದರೆ ತಟ್ಟೆ ತೆಗೆದುಬಿಡಿ. ಮೊಬೈಲ್ ತೋರಿಸಿ ತುತ್ತು ತುರುಕಬೇಡಿ.

ಬಂದ ಮೊದಲ ದಿನಗಳಿಗೆ ಒಂದು ಮಾತು. ಇಲ್ಲಿನ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅವಳು ರಾತ್ರಿ ಎರಡಕ್ಕೆ ಎದ್ದು ಕೂರುತ್ತಾಳೆ, ಅವಳ ಲೆಕ್ಕದಲ್ಲಿ ಅದು ಬೆಳಗಿನ ತಿಂಡಿ ಹೊತ್ತು. ನಿಜವಾಗಿ ಹಸಿದಿರುತ್ತಾಳೆ, ಹಟ ಅಲ್ಲ. ಆ ರಾಗಿ ಹಿಟ್ಟಿನ ಒಂದು ಸಣ್ಣ ಡಬ್ಬಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ಎದ್ದಾಗ ಮಂದ ಬೆಳಕಲ್ಲೇ ನಾಲ್ಕು ಚಮಚ ಸರಿ ತಿನ್ನಿಸಿ ಮಲಗಿಸಿ. ಹಗಲು ಹೊರಗೆ ಕರೆದುಕೊಂಡು ಹೋಗಿ, ಇಲ್ಲಿನ ಹೊತ್ತಿಗೇ ಊಟ ಇಡಿ. ಒಂದು ವಾರದ ಹೊತ್ತಿಗೆ ಸರಿಹೋಗುತ್ತಾಳೆ. ಲೀಡ್ಸಿಗೆ ಬಂದ ಮೇಲೆ ತಿಳಿಸಿ, ಇಂಡಿಯನ್ ಅಂಗಡಿಗೆ ಜೊತೆಗೇ ಹೋಗಿ ಬರೋಣ.